ಇಪ್ಪತ್ತನೇ ಸೆಕೆಂಡ್

ಜೂನ್ 2, ಸೋಮವಾರ

ಈ ಪುಸ್ತಕ ಕೊಂಡದ್ದು ಅಪ್ಪನ ಮಾತು ಬರೆಯುವುದಕ್ಕೆ. ಶಿವಮೊಗ್ಗದಲ್ಲಿ ಮಾತು ಕಲಿಸುವ ಶಶಿ ಮೇಡಂ ಹೇಳಿದ್ದಾರೆ: ದಿನಾ ಯಾವ ಮಾತು ಬಂತು, ಬರುವುದಕ್ಕೆ ಎಷ್ಟು ಹೊತ್ತಾಯಿತು, ಬರೆದಿಡಿ.

ಇವತ್ತು ಎರಡು ಮಾತು. ಕಾಫಿ ಕೊಟ್ಟಾಗ 'ಬಿಸಿ'. ಅದು ಬೇಗ ಬಂತು. ನಾನು ಸ್ಕೂಟಿ ಹತ್ತಿದಾಗ ಎಡಗೈ ಎತ್ತಿ ನಿಲ್ಲಿಸಿ, ಕುತ್ತಿಗೆಯ ನರ ಉಬ್ಬಿಸಿಕೊಂಡು, ಎರಡು ಸಲ ಸೋತು, ಮೂರನೇ ಸಲ 'ಪೆಟ್ರೋಲು' ಅಂದ. ಆ ಒಂದು ಮಾತಿಗೆ ಗೇಟಿನ ಹತ್ತಿರ ಒಂದೂವರೆ ನಿಮಿಷ ನಿಂತಿದ್ದೆ. ನನಗೆ ತಾಳ್ಮೆ ಅನ್ನುವುದು ಹುಟ್ಟಿನಿಂದಲೇ ಇಲ್ಲ. ಆದರೂ ನಿಂತೆ. ಮಾತು ಬಂದಾಗ ಅಪ್ಪನ ಮುಖ ನೋಡಬೇಕಿತ್ತು, ಅಬ್ಬಾ!

ಎರಡು ತಿಂಗಳ ಮೇಲೆ, ನಾನು ಕಂಪ್ಯೂಟರ್ ಪಾಠ ಮಾಡುವ ಕಾಲೇಜಿಗೆ ಹೋದೆ. ಲ್ಯಾಬಿನ ಬೀಗ ತೆಗೆದರೆ ಮೂವತ್ತು ಕಂಪ್ಯೂಟರಿನ ಮೇಲೂ ಧೂಳು. ಏಪ್ರಿಲ್ ಹನ್ನೆರಡರಂದು ಇಲ್ಲಿ ಕೂತು ನಾನು ಮಾಡುತ್ತಿದ್ದ ಘನಕಾರ್ಯ ಅಂದರೆ ಯಂತ್ರಗಳಿಗೆ ನಾಮಕರಣ. ಪಿಸಿ ಒಂದು, ಪಿಸಿ ಎರಡು ಅಂತ ಕರೆದು ಕರೆದು ಬೇಜಾರಾಗಿ ಬೀರೂರು, ತರೀಕೆರೆ, ಲಿಂಗದಹಳ್ಳಿ, ಅಜ್ಜಂಪುರ, ಅಂತರಘಟ್ಟೆ, ಹೆಬ್ಬೆ ಎಂದು ಊರಿನ ಹೆಸರು ಇಡುತ್ತಾ ಹೋಗಿದ್ದೆ. ಅಪ್ಪನನ್ನು ಒಂದು ದಿನ ಕರೆತಂದು ತೋರಿಸುವ ಆಸೆ. ಮೂವತ್ತೆಂಟು ವರ್ಷ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸಿನ ಏಜೆಂಟಾಗಿ ಬಿಸಿಲಲ್ಲಿ ನಿಂತು ಇವೇ ಊರುಗಳನ್ನು ಕೂಗಿದವನು ನಮ್ಮಪ್ಪ ಹನುಮಂತಪ್ಪ. ಮೂವತ್ತನೆಯ ಹೆಸರು ಹಾಕುವ ಹೊತ್ತಿಗೆ ಅಪ್ಪನ ಗೆಳೆಯ ಬಸವರಾಜಣ್ಣನ ಫೋನ್ ಬಂತು. 'ನಿಮ್ಮಪ್ಪ ಬಿದ್ದವ್ನೆ ಕಣವ್ವ. ಬಾಯಿ ಒಂದ್ ಕಡೀಕೆ ಎಳೀತೈತೆ. ಬೇಗ ಬಾ.'

ಲಕ್ವ ಬಲಗೈ ಬಲಗಾಲು ಎರಡನ್ನೂ ಹಿಡಿಯಿತು. ಅವು ಪರವಾಗಿಲ್ಲ, ಸರಿಹೋಗುತ್ತಿವೆ. ಮಾತು ಹೋಯಿತು. ಶಶಿ ಮಾತ್ರ 'ಹೋಗಿಲ್ಲ' ಅನ್ನುತ್ತಾರೆ. 'ಎಲ್ಲಾ ಅವರ ತಲೇಲಿದೆ ಶರ್ಮಿಳಾ. ಹುಡುಕೋಕೆ ಹೊತ್ತು ಬೇಕು ಅಷ್ಟೆ. ನೀವು ಕೇಳಿ, ಕೇಳಿ ಸುಮ್ಮನಿರಿ. ನೀವೇ ಹೇಳಿಕೊಡಬೇಡಿ. ಮೊದಲ ಆರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟು ಒಳ್ಳೇದು, ಆಮೇಲೆ ತುಂಬಾ ಕಷ್ಟ ಆಗುತ್ತೆ.'

ಎರಡು ತಿಂಗಳು ಆಗಲೇ ಕಳೆದಿವೆ. ಅಪ್ಪ ಇನ್ನೊಂದು ಸಲ ನನ್ನ ಜೊತೆ ಜಗಳ ಆಡುವಷ್ಟು ಮಾತು ಬಂದರೆ ಸಾಕು. ಬೇರೇನೂ ಬೇಡ ನನಗೆ.

ಜೂನ್ 5, ಗುರುವಾರ

ಮಾತು: 'ಬಿಸಿ', 'ಲೈಟು', 'ಬ್ಯಾಡ'.

'ಬ್ಯಾಡ' ಬಂದದ್ದು ಸಿಟ್ಟಿನಲ್ಲಿ. ಸಂಜೆ ನಾನು ಬಂದ ಕೂಡಲೇ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಕಡೆ ಎಡಗೈ ತೋರಿಸಿದ. ಬಾಯಿ ತೆರೆದ, ಏನೂ ಬರಲಿಲ್ಲ. ಮತ್ತೆ ಕುರ್ಚಿ ತೋರಿಸಿದ. ಇಡೀ ದಿನ ಮಲಗಿ ಬೆನ್ನು ನೊಂದಿರಬೇಕು ಅಂದುಕೊಂಡು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕುರ್ಚಿಗೆ ಕೂರಿಸಿದೆ. ಆಳು ಇಳಿದಿದ್ದರೂ ಭಾರ ಇಳಿದಿಲ್ಲ, ನನ್ನ ಸೊಂಟ ಕಳಚಿ ಕೈಗೆ ಬಂತು. ಕೂರಿಸಿದರೆ ನನ್ನ ಕೈ ಕೊಡವಿ 'ಬ್ಯಾಡ!' ಅಂದ. ಸರಿ ಅಂತ ಮತ್ತೆ ಮಂಚಕ್ಕೆ. ಮತ್ತೆ ಕುರ್ಚಿಯ ಕಡೆ ಕೈ!

'ಏನಪ್ಪಾ ನಿಂದು, ಆಟ ಆಡ್ತಿದೀಯಾ?' ಅಂದೆ. ಗೋಡೆ ಕಡೆ ತಿರುಗಿಕೊಂಡ.

ಜೂನ್ 9, ಸೋಮವಾರ

ಮಾತು: 'ಬಿಸಿ', 'ಬಸ್ಯಾ'. ಎರಡನೆಯದು ಬಸವರಾಜಣ್ಣನಿಗೆ. ಇಬ್ಬರೂ ಒಂದೇ ಬಸ್ಸಿಗೆ ದುಡಿದವರು, ಇವನು ಏಜೆಂಟು, ಅವರು ಡ್ರೈವರು. ನಾನು ಕಾಲೇಜಿಗೆ ಹೋದಾಗ ಅವರೇ ಬಂದು ಅಪ್ಪನ ಜೊತೆ ಕೂರುತ್ತಾರೆ. ಕರೆದ ಖುಷಿಗೆ ಅವರ ಕಣ್ಣಲ್ಲಿ ನೀರು. 'ನೋಡವ್ವ, ಬಯ್ಯಂಗೇ ಕರದ' ಅಂದರು.

ಲ್ಯಾಬಿಗೆ ಶನಿ ವಕ್ಕರಿಸಿದೆ. ಇವತ್ತು ಮೊದಲ ಪ್ರಾಕ್ಟಿಕಲ್. ನೆಟ್‌ವರ್ಕ್ ಪಾಠದಲ್ಲಿ ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಟೈಪ್ ಮಾಡಬೇಕು. ಬಹುತೇಕ ಎಲ್ಲದರ ಮೊದಲಿಗೂ 'ಸುಡೋ' ಅಂತ ಸೇರಿಸಬೇಕು, ಅಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ ಈ ಕೆಲಸ ಮಾಡು ಅಂತ. ಟೈಪ್ ಮಾಡಿ ಎಂಟರ್ ಒತ್ತಿದರೆ ಯಂತ್ರ ಗರ ಬಡಿದಂತೆ ನಿಂತುಬಿಡುತ್ತದೆ. ಕರ್ಸರ್ ಮಿನುಗುತ್ತೆ, ಅಷ್ಟೇ. ಹತ್ತು ಸೆಕೆಂಡ್ ನೋಡಿದೆ. ಕೊಟ್ಟ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುವ ಕಂಟ್ರೋಲ್ ಸಿ ಒತ್ತಿ ಕೊಂದೆ. ಮತ್ತೆ ಕೊಟ್ಟೆ, ಮತ್ತೆ ಹಾಗೇ. ಮೂವತ್ತಕ್ಕೆ ಮೂವತ್ತೂ ಇದೇ ಕಥೆ.

'ಮೇಡಂ, ಹೆಬ್ಬೆ ಹ್ಯಾಂಗ್ ಆಯ್ತು', 'ಮೇಡಂ, ತರೀಕೆರೆನೂ ಸತ್ತೋಯ್ತು' ಅಂತ ಮಕ್ಕಳು ನಗುತ್ತಾರೆ. 'ಹತ್ತು ಎಣಿಸಿ, ಉತ್ತರ ಬರದಿದ್ರೆ ಕಂಟ್ರೋಲ್ ಸಿ ಒತ್ತಿ. ಕಾಯ್ತಾ ಕೂತ್ಕೋಬೇಡಿ' ಅಂತ ಎಲ್ಲರಿಗೂ ಹೇಳಿದೆ.

ಜೂನ್ 15, ಭಾನುವಾರ

ಅಜ್ಜಂಪುರದಿಂದ ಕಾಮಾಕ್ಷಮ್ಮತ್ತೆ ಬಂದಿದ್ದರು, ಅಪ್ಪನ ತಂಗಿ. ಒಳಗೆ ಕಾಲಿಟ್ಟಿದ್ದೇ 'ಅಯ್ಯೋ ನಮ್ಮಣ್ಣನ ಬಾಯಿ ಹಿಂಗಾಯ್ತಲ್ಲಪ್ಪೋ' ಅಂತ ಶುರು. ನನಗೆ ರೇಗಿಹೋಯಿತು. ಅಪ್ಪನ ಹತ್ತಿರ ಹೋಗಿ 'ಬೀರೂರ್...' ಅಂತ ರಾಗ ಎಳೆದೆ. ಅಷ್ಟೇ! ಅಪ್ಪನ ಬಾಯಿಂದ ಪಟಪಟ ಅಂತ ಬಂತು: 'ಬೀರೂರ್ ತರೀಕೆರೆ ಭದ್ರಾವತಿ ಶಿಮೊಗ್ಗಾಆ! ಹತ್ರೀ ಹತ್ರೀ ಹತ್ರೀ!' ಒಂದು ತೊದಲೂ ಇಲ್ಲ. ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದರು. ಇನ್ನೊಂದು ಸಲ ಕೂಗಿಸಿದೆ, ಪಕ್ಕದ ಮನೆಯವರು ಬಂದಾಗ ಮತ್ತೊಂದು ಸಲ. ಎಲ್ಲರೂ 'ಮಾತು ಬಂದ್ಬಿಡ್ತಲ್ಲ!' ಅಂದರು. ಮೂರನೇ ಸಲ ಕೂಗುವಾಗ ಅಪ್ಪ ನನ್ನ ಮುಖ ನೋಡಲಿಲ್ಲ.

ಸಂಭ್ರಮದಿಂದ ಶಶಿಗೆ ಫೋನ್ ಮಾಡಿದೆ. ಆಯಮ್ಮ ತಣ್ಣೀರು ಎರಚಿದರು. 'ಅದು ಅಭ್ಯಾಸ ಶರ್ಮಿಳಾ, ಮಾತಲ್ಲ. ಒಂದು ಹಾಡು ಬಾಯಿಪಾಠ ಇದ್ದ ಹಾಗೆ, ತಾನಾಗೇ ಬರುತ್ತೆ. ಅವರಿಗೆ ಬೇಕಾದ್ದನ್ನ ಅವರೇ ಹೇಳಬೇಕು, ಅದು ಮಾತು. ಅದಕ್ಕೆ ಕಾಯ್ತಿದೀರಾ?'

ಕಾಯ್ತಿದೀನಿ ಅಂದೆ. ಕಾಯುತ್ತಿಲ್ಲವೇ ಮತ್ತೆ?

ಜೂನ್ 23, ಸೋಮವಾರ

ಪ್ರಿನ್ಸಿಪಾಲ್ ಜಯದೇವಪ್ಪನವರು ಕರೆಸಿದ್ದರು. ಜುಲೈ ಹದಿನೆಂಟಕ್ಕೆ ಪ್ರಾಕ್ಟಿಕಲ್ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ. 'ಏನಮ್ಮಾ, ಎರಡು ತಿಂಗಳು ರಜೆ ಕೊಟ್ಟಿದೀವಿ. ಲ್ಯಾಬ್ ಹಿಂಗಿದ್ರೆ ಹೆಂಗೆ?' ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ.

ರಜೆಯಲ್ಲಿ ಕಾಲೇಜಿನವರು ಇಂಟರ್‌ನೆಟ್ ಕಂಪನಿ ಬದಲಾಯಿಸಿದ್ದಾರೆ. ತಪ್ಪು ಆ ಹೊಸ ಕಂಪನಿಯದೇ ಅಂತ ನನ್ನ ಗುಮಾನಿ. ವೈರು ಬದಲಾಯಿಸಿದೆ, ವೈರುಗಳೆಲ್ಲ ಸೇರುವ ಪೆಟ್ಟಿಗೆ ಬದಲಾಯಿಸಿದೆ, ಒಂದು ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ ಅದಕ್ಕೂ ಅದೇ ಹೆಸರಿಟ್ಟೆ. ಅದೂ ನಿಂತಿತು. ಮನೆಗೆ ಬಂದಾಗ ಏಳೂವರೆ. ಬಸವರಾಜಣ್ಣ ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದರು.

ಅಪ್ಪ ಮತ್ತೆ ಕುರ್ಚಿಯ ಕಡೆ ಕೈ ಮಾಡಿದ. ಬಾಯಿ ತೆರೆದ. ನನಗೆ ಶಕ್ತಿ ಇರಲಿಲ್ಲ. 'ಗೊತ್ತಾಯ್ತು ಕಣಪ್ಪಾ, ಇವತ್ತು ಬೇಡ, ನಾಳೆ ಕೂರಿಸ್ತೀನಿ' ಅಂದೆ. 'ನೀರು ಬೇಕಾ? ಬೇಕು. ಚಪಾತಿನಾ ಮುದ್ದೆನಾ? ಮುದ್ದೆ. ಸರಿ.' ನಾನೇ ಕೇಳಿ ನಾನೇ ಉತ್ತರ ಕೊಟ್ಟುಕೊಂಡು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದೆ.

ಮಾತು: ಬೆಳಿಗ್ಗೆ 'ಬಿಸಿ'.

ಜುಲೈ 1, ಮಂಗಳವಾರ

ಒಂದು ಒಳ್ಳೆ ಉಪಾಯ ಹೊಳೆಯಿತು. ರಟ್ಟಿನ ಮೇಲೆ ಚಿತ್ರ ಅಂಟಿಸಿ ಬೋರ್ಡ್ ಮಾಡಿದೆ: ನೀರು, ಊಟ, ಕಾಫಿ, ಬಚ್ಚಲು, ಫ್ಯಾನು, ಟಿವಿ, ನೋವು. ಅಪ್ಪ ಬೆರಳಿಟ್ಟರೆ ಸಾಕು. ಒದ್ದಾಟ ಇಲ್ಲ, ಸಿಟ್ಟಿಲ್ಲ. ಬಸವರಾಜಣ್ಣನಿಗೂ ತೋರಿಸಿಕೊಟ್ಟೆ. ಅವರು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಏನೋ ಹೇಳಲು ಬಂದರು. ನನಗೆ ಹೊತ್ತಾಗಿತ್ತು.

ಲ್ಯಾಬ್ ಹಾಗೇ ಇದೆ.

ಜುಲೈ 7, ಸೋಮವಾರ

ಅಪ್ಪ ರಗಳೆ ಮಾಡಲಿಲ್ಲ. ಕುರ್ಚಿಯ ಹಟವೂ ನಿಂತಿದೆ, ಸದ್ಯ. ಈಗ ಬೋರ್ಡೂ ಅಷ್ಟಾಗಿ ಬೇಕಾಗುವುದಿಲ್ಲ, ಕಣ್ಣು ನೋಡಿದರೆ ನನಗೆ ತಿಳಿಯುತ್ತೆ ಏನು ಬೇಕು ಅಂತ.

ಇಂಟರ್‌ನೆಟ್ ಕಂಪನಿಯ ಸತೀಶ್ ಅನ್ನುವವನು ಬಂದು ನೋಡಿ ಹೋದ. 'ನಮ್ ಲೈನ್ ಕ್ಲಿಯರ್ ಇದೆ ಮೇಡಂ' ಅಂತೆ. ಇರುತ್ತೆ, ಇರುತ್ತೆ.

ಜುಲೈ 15, ಮಂಗಳವಾರ

ಸಿಕ್ಕಿತು! ಅದೂ ನನ್ನ ಬುದ್ಧಿವಂತಿಕೆಯಿಂದಲ್ಲ.

ಮಧ್ಯಾಹ್ನ ಅಜ್ಜಂಪುರ ಅನ್ನುವ ಯಂತ್ರದ ಮುಂದೆ ಕೂತು ಒಂದು ಕಮಾಂಡ್ ಕೊಟ್ಟೆ. ಆಗಲೇ ಅತ್ತೆಯ ಫೋನ್ ಬಂತು, ಎದ್ದು ವರಾಂಡಕ್ಕೆ ಹೋದೆ. ಅತ್ತೆ ಒಂದು ನಿಮಿಷದಲ್ಲಿ ಬಿಡುವವರೇ? ವಾಪಸು ಬಂದು ನೋಡಿದರೆ ಕಮಾಂಡ್ ಓಡಿ ಮುಗಿದಿದೆ! ಅದರ ಮೇಲೆ ಒಂದು ಸಾಲು: ಅಜ್ಜಂಪುರ ಅನ್ನುವ ಹೆಸರು ಎಲ್ಲಿದೆ ಅಂತ ಪತ್ತೆಯಾಗಲಿಲ್ಲ.

ಗಡಿಯಾರ ಇಟ್ಟುಕೊಂಡು ಮತ್ತೆ ಕೊಟ್ಟೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಅಭ್ಯಾಸಬಲದಿಂದ ನಿಲ್ಲಿಸಿಬಿಡುತ್ತೇನೆ ಅಂತ. ಸರಿಯಾಗಿ ಇಪ್ಪತ್ತನೇ ಸೆಕೆಂಡಿಗೆ ಅದೇ ಸಾಲು, ಹಿಂದೆಯೇ ಕೆಲಸ.

ಆಮೇಲೆ ಎಲ್ಲಾ ಬಿಡಿಸಿಕೊಂಡಿತು. ಯಂತ್ರದ ಹೆಸರನ್ನು ಎರಡು ಕಡೆ ಬರೆಯಬೇಕು. ಒಂದು, ನಿನ್ನ ಹೆಸರು ಇದು ಅಂತ ಹೇಳುವ ಫೈಲು. ಇನ್ನೊಂದು, ಆ ಹೆಸರಿನವನು ನೀನೇ ಕಣೋ, ಹೊರಗೆ ಹುಡುಕಬೇಡ ಅಂತ ಹೇಳುವ ಪಟ್ಟಿ. ಏಪ್ರಿಲ್ ಹನ್ನೆರಡರಂದು ಮೊದಲನೆಯದನ್ನು ಮೂವತ್ತರಲ್ಲೂ ಬದಲಾಯಿಸಿದ್ದೆ. ಎರಡನೆಯದಕ್ಕೆ ಕೈ ಹಾಕುವ ಮೊದಲು ಫೋನ್ ಬಂತು, ಎದ್ದು ಓಡಿದೆ. ಆಮೇಲೆ ಅದರ ನೆನಪೇ ಇಲ್ಲ. ಅಂದಿನಿಂದ ಪಾಪ ಇವು ಪ್ರತಿ ಸಲವೂ ತಮ್ಮ ಹೆಸರನ್ನು ಹೊರಗಿನ ಎರಡು ವಿಳಾಸಗಳಲ್ಲಿ ಕೇಳುತ್ತಿವೆ. ಕಂಪನಿ ಬದಲಾದ ಮೇಲೆ ಆ ವಿಳಾಸಗಳಲ್ಲಿ ಉತ್ತರ ಕೊಡುವವರೇ ಇಲ್ಲ. ಮೊದಲನೆಯದನ್ನು ಕೇಳಿ ಐದು ಸೆಕೆಂಡ್, ಎರಡನೆಯದನ್ನು ಕೇಳಿ ಐದು, ಮತ್ತೆ ಇನ್ನೊಂದು ಸುತ್ತು. ಕೊನೆಗೆ ಸಿಗಲಿಲ್ಲ ಅಂತ ಹೇಳಿ, ಕೊಟ್ಟ ಕೆಲಸ ಮಾಡುತ್ತವೆ. ಏನು ತೊಂದರೆ ಅಂತ ಅವೇ ಹೇಳುತ್ತಿದ್ದವು. ಐದು ವಾರ ನಾನು ಹತ್ತಕ್ಕೇ ಬಾಯಿ ಮುಚ್ಚಿಸಿದೆ, ಮೂವತ್ತು ಮಕ್ಕಳಿಗೂ ಅದನ್ನೇ ಕಲಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಮೂವತ್ತಕ್ಕೂ ಪಟ್ಟಿಯಲ್ಲಿ ಒಂದೊಂದು ಸಾಲು ಸೇರಿಸಿದೆ. ಈಗ ಎಂಟರ್ ಒತ್ತುವುದೇ ತಡ, ಉತ್ತರ.

ಜುಲೈ 18, ಶುಕ್ರವಾರ

ಪರೀಕ್ಷೆ ಸಲೀಸಾಗಿ ಆಯಿತು. ಪ್ರಿನ್ಸಿಪಾಲರು ಕಾಫಿ ಕುಡಿಸಿದರು. ಮನೆಗೆ ಮೈಸೂರುಪಾಕು ತಂದೆ. ಅಪ್ಪ ತಿಂದ. ಈಗ ಮನೆಯಲ್ಲೂ ಎಷ್ಟು ನೆಮ್ಮದಿ.

ಜುಲೈ 27, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಬಸವರಾಜಣ್ಣ ಬಂದರು. ಬಿಡುವಾಗಿದ್ದೆ, ಕಾಫಿ ಮಾಡಿಕೊಟ್ಟು ಎದುರಿಗೆ ಕುಳಿತು ಪರೀಕ್ಷೆಯ ಕಥೆ, ಹತ್ತು ಸೆಕೆಂಡಿನ ಕಥೆ ಎಲ್ಲಾ ಹೇಳಿದೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟರು.

'ನೀನ್ ಬೇಜಾರ್ ಮಾಡ್ಕಬ್ಯಾಡ. ಒಂದ್ ಮಾತ್ ಹೇಳ್ಲಾ? ಆ ಕುರ್ಚಿ ಇಷ್ಯ.'

'ಯಾವ ಕುರ್ಚಿ?'

'ನಿಮ್ಮಪ್ಪ ಕುರ್ಚಿ ತೋರ್ಸ್ತಿದ್ನಲ್ಲ ಅವಾಗ. ನೀನು ಎತ್ತಿ ಎತ್ತಿ ಕೂರ್ಸ್ತಿದ್ದೆ. ಅವನಿಗೆ ಕೂರದ್ ಬ್ಯಾಡಾಗಿತ್ತು ಕಣವ್ವ. ನಿನ್ನ ಕೂತ್ಕೋ ಅಂತಿದ್ದ.'

ನನಗೆ ಅರ್ಥವಾಗಲಿಲ್ಲ. ಅಂದರೆ ಅರ್ಥವಾಯಿತು.

'ನಿಮಗೆ ಹೆಂಗೆ ಗೊತ್ತು?'

'ಅವನೇ ಅಂದ. ಒಂದಿನ ನೀನ್ ಹೋದ್ಮೇಲೆ ಮತ್ತೆ ಕುರ್ಚಿಗ್ ಕೈ ಮಾಡ್ದ. ನಾನು ಸುಮ್ಕೆ ಎಲಡಕೆ ಹಾಕ್ಕಂಡ್ ಕೂತಿದ್ದೆ. ಎಲಡಕೆ ಮುಗಿಯೋಗಂಟ ಒದ್ದಾಡಿ ಅಂದ: ಮಗ, ಕೂತ್ಕಳಲ್ಲ. ಅಷ್ಟೇ ಅಂದಿದ್ದು. ಬಿಸ್ಲಲ್ಲಿ ಬತ್ತಾಳೆ, ನಿಂತ್ಕಂಡೇ ಇರ್ತಾಳೆ, ಒಂದ್ ಗಳಿಗೆ ಕೂರಲ್ಲ ಅಂತ ಅವನ್ ಸಂಕ್ಟ.'

'ಯಾವಾಗ ಇದು?'

'ಜೂನ್ ತಿಂಗ್ಳಲ್ಲೇ.'

'ಮತ್ತೆ ನೀವ್ಯಾಕೆ ಹೇಳ್ಲಿಲ್ಲ ನಂಗೆ!' ನಾನು ಕಿರುಚಿದೆ. ಆ ಮನುಷ್ಯನ ಮೇಲೆ ಕಿರುಚಿದೆ.

'ಎರಡ್ ಸಲ ಬಂದೆ ಹೇಳಾಣ ಅಂತ. ನೀನು ಗಾಡಿ ಸ್ಟಾರ್ಟ್ ಮಾಡ್ಬಿಟ್ಟಿದ್ದೆ' ಅಂದರು. ಅವರ ದನಿಯಲ್ಲಿ ಆಕ್ಷೇಪಣೆಯೇ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

'ಈಗ ಏನಂತಾನೆ ನಿಮ್ಮ ಹತ್ರ? ಬಸ್ಯಾ ಅಂತಾನಾ?'

ಅವರು ಅಪ್ಪನ ಕಡೆ ನೋಡಿದರು. ಅಪ್ಪ ಫ್ಯಾನ್ ನೋಡುತ್ತಿದ್ದ.

'ಇಲ್ಲ ಕಣವ್ವ. ಬೋರ್ಡ್ ತೋರ್ಸ್ತಾನೆ.'

ಆಗಸ್ಟ್ 2, ಶನಿವಾರ

ಶಶಿಯ ಫೋನ್. ಮುಂದಿನ ವಾರ ಕರೆತನ್ನಿ, ಜುಲೈ ತಿಂಗಳಲ್ಲಿ ಹೊಸದಾಗಿ ಏನೇನು ಮಾತು ಬಂತು ಓದಿ ಹೇಳಿ ಅಂದರು. ಪುಸ್ತಕ ತೆಗೆದೆ. ಹಾಳೆ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಜೂನ್ ಇಪ್ಪತ್ತಮೂರರ 'ಬಿಸಿ' ಆದಮೇಲೆ ಒಂದೂ ಇಲ್ಲ. ಬೋರ್ಡ್ ಇದೆ, ಸತೀಶ್ ಇದ್ದಾನೆ, ಮೈಸೂರುಪಾಕು ಇದೆ. ನೆಮ್ಮದಿ ಅಂತ ನನ್ನದೇ ಅಕ್ಷರದಲ್ಲಿ ಬರೆದಿದೆ.

'ಹಲೋ? ಶರ್ಮಿಳಾ?' ಅಂದರು ಶಶಿ. ನನ್ನ ಬಾಯಿಂದ ಏನೂ ಬರಲಿಲ್ಲ. ಅವರು ಸುಮ್ಮನೆ ಕಾದರು. ಎಷ್ಟು ಹೊತ್ತೋ ಗೊತ್ತಿಲ್ಲ, ಫೋನ್ ಇಡಲಿಲ್ಲ, ಇನ್ನೊಂದು ಪ್ರಶ್ನೆ ಕೇಳಲಿಲ್ಲ.

'ನಾನೇ ಎಲ್ಲಾ ಹೇಳ್ಬಿಟ್ಟೆ ಮೇಡಂ' ಅಂದೆ ಕೊನೆಗೆ.

'ಇನ್ನೂ ಎರಡು ತಿಂಗಳಿದೆ' ಅಂದರು. ಆಗುತ್ತೆ ಅನ್ನಲಿಲ್ಲ.

ಆಗಸ್ಟ್ 3, ಭಾನುವಾರ

ಬೋರ್ಡನ್ನು ಅಟ್ಟಕ್ಕೆ ಹಾಕಿದೆ. ಬೆಳಗಿನ ಕೆಲಸ ಮುಗಿಸಿ, ಫೋನ್ ಅಡುಗೆಮನೆಯಲ್ಲೇ ಬಿಟ್ಟು ಬಂದು ಅಪ್ಪನ ಮಗ್ಗುಲಲ್ಲಿ ಮಂಚದ ಮೇಲೆ ಕೂತೆ.

'ಅಪ್ಪಾ, ನನ್ನದು ತಪ್ಪಾಯ್ತು' ಅಂದೆ. 'ನೀನು ಏನೇನೋ ಹೇಳೋಕೆ ಬಂದೆ, ನಾನು ಕೇಳಿಸ್ಕೊಳ್ಲಿಲ್ಲ. ಇವತ್ತು ಎಲ್ಲಿಗೂ ಹೋಗಲ್ಲ. ಎಷ್ಟು ಹೊತ್ತಾದ್ರೂ ಆಗ್ಲಿ. ನಿಂಗೇನ್ ಹೇಳ್ಬೇಕು ಅನ್ಸುತ್ತೋ ಹೇಳು.'

ಹೇಳಿ ಸುಮ್ಮನಾದೆ. ಮನಸ್ಸಿನಲ್ಲೇ ಎಣಿಸಿದೆ. ಹತ್ತಕ್ಕೆ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಇಪ್ಪತ್ತು. ಅರವತ್ತು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಇನ್ನೂರಾದ ಮೇಲೆ ಎಣಿಕೆ ಬಿಟ್ಟೆ.

ಜೂನಿನಲ್ಲಿ ಆಗಿದ್ದರೆ ಈ ಹೊತ್ತಿಗೆ ಅಪ್ಪನ ಕುತ್ತಿಗೆಯ ನರ ಉಬ್ಬುತ್ತಿತ್ತು, ತುಟಿ ಅದುರುತ್ತಿತ್ತು, ಕೈ ಹಾಸಿಗೆಯನ್ನು ಗುದ್ದುತ್ತಿತ್ತು. ಇವತ್ತು ಅದೇನೂ ಇಲ್ಲ. ಬಾಯಿ ತೆರೆಯಲಿಲ್ಲ. ಮುಖದಲ್ಲಿ ಸಂಕಟವೂ ಇಲ್ಲ, ಸಿಟ್ಟೂ ಇಲ್ಲ. ನನ್ನ ಕಣ್ಣನ್ನೂ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನು ನೋಡುತ್ತಿದ್ದ.

ಅಪ್ಪ ಮಾತು ಹುಡುಕುತ್ತಿರಲಿಲ್ಲ. ತನಗೆ ಏನು ಬೇಕು ಅಂತ ನಾನು ಹೇಳಲಿ ಅಂತ ಕಾಯುತ್ತಿದ್ದ. ನಾನು ಏನೇ ಹೇಳಿದರೂ ಹೂಂ ಅನ್ನುವುದಕ್ಕೆ ತಲೆಯನ್ನು ಆಗಲೇ ಸ್ವಲ್ಪ ಬಗ್ಗಿಸಿಕೊಂಡು ಕೂತಿದ್ದ.